ತಂಗಿಯ ಕಿಡ್ನಿ ಸ್ಕ್ಯಾನಿಂಗ್ – ಭಾಗ 4

ಕಳೆದ ಪೋಸ್ಟಿಗೆ ಬಂದ ಕಮೆಂಟುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: "ಶುಗರ್ ಇರುವವಳಿಗೆ ಕಿಡ್ನಿ ಸ್ಕ್ಯಾನಿಂಗ್ ಎಂತಕ್ಕೆ?" ಕ್ಲಾಸಿನವರೂ ಅದನ್ನೇ ಕೇಳಿದ್ರು. ಹಾಗಾಗಿ ಇವತ್ತು ಅದೇ ವಿಷಯ. ಸ್ವಲ್ಪ ಉದ್ದ ಉಂಟು, ಮೂಡುಬಿದಿರೆಯಿಂದ ಗುರುವಾಯನಕೆರೆಗೆ ಬಸ್ಸಲ್ಲಿ ಹೋಗುವವರು ವೇಣೂರು ಬರುವುದರೊಳಗೆ ಓದಿ ಮುಗಿಸಬಹುದು.

ಹೊಸಬರಿಗೆ: ತಂಗಿ ಅಂದ್ರೆ ನನ್ನ ಚಿಕ್ಕಮ್ಮನ ಮಗಳು. ಬಂಟ್ವಾಳದ ಹತ್ತಿರ ಮನೆ, ಎಂಟನೇ ಕ್ಲಾಸು. ಅವಳೂ ಚಿಕ್ಕಮ್ಮನೂ ಓದಿ "ಸರಿ, ಹಾಕು" ಅಂದ ಮೇಲೆಯೇ ನಾನು ಪೋಸ್ಟ್ ಮಾಡುವುದು. ಹೆಸರಿಲ್ಲ, ಮುಖವಿಲ್ಲ. ಫೋಟೋದಲ್ಲಿ ಅವಳ ನೀರಿನ ಬಾಟಲಿ ಮಾತ್ರ.

ಅವಳಿಗಿರುವುದು ರಾಬ್ಸನ್-ಮೆಂಡೆನ್‌ಹಾಲ್ ಸಿಂಡ್ರೋಮ್. 1956ರಲ್ಲಿ ಇಬ್ಬರು ಡಾಕ್ಟರುಗಳು ಇದರ ಬಗ್ಗೆ ಬರೆದರು, ಅವರದ್ದೇ ಹೆಸರು. ನಮ್ಮ ಅಜ್ಜಂದಿರಿಗೆ ಬರುವ ಶುಗರ್ ಅಲ್ಲ ಇದು. ಇನ್ಸುಲಿನ್ ಒಂದು ಕೀಲಿಕೈ ಅಂತ ಬಯಾಲಜಿಯಲ್ಲಿ ಓದಿದ್ದೇವಲ್ಲ, ಇವಳ ಮೈಯಲ್ಲಿ ಕೀಲಿಕೈ ಬೇಕಾದಷ್ಟು ಉಂಟು, ಬೀಗವೇ ಕೆಟ್ಟಿದೆ. ಆ ಬೀಗಕ್ಕೆ ಇನ್ಸುಲಿನ್ ರಿಸೆಪ್ಟರ್ ಅಂತ ಹೆಸರು. ಅದನ್ನು ಮಾಡುವ ಜೀನ್ 19ನೇ ಕ್ರೋಮೋಸೋಮಿನಲ್ಲಿ ಇರುವುದು. ಅಪ್ಪನಿಂದ ಬಂದ ಪ್ರತಿ, ಅಮ್ಮನಿಂದ ಬಂದ ಪ್ರತಿ, ಎರಡೂ ಕೆಟ್ಟಿದ್ದರೆ ಮಾತ್ರ ಹೀಗಾಗುವುದು. ಚಿಕ್ಕಮ್ಮ ಮದುವೆಯಾದದ್ದು ಸೋದರತ್ತೆಯ ಮಗನನ್ನು. ಇಬ್ಬರೂ ಆರೋಗ್ಯವಾಗಿಯೇ ಇದ್ದಾರೆ, ಅವರೊಳಗೆ ಏನಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. ದಯವಿಟ್ಟು ಅವರ ಮೇಲೆ ಹೇರಬೇಡಿ.

ಈಗ ಕಿಡ್ನಿಗೆ ಬರ್ತೇನೆ.

ನಾವೆಲ್ಲ ಕೇಳಿದ್ದು ಒಂದೇ ದಾರಿ: ಶುಗರ್ ತುಂಬಾ ವರ್ಷ ಹೆಚ್ಚಿದ್ದರೆ ಕಿಡ್ನಿಯ ಸೋಸುವ ಜಾಲರಿ ಹಾಳಾಗ್ತದೆ, ಪ್ರೋಟೀನ್ ಮೂತ್ರಕ್ಕೆ ಸೋರ್ತದೆ. ಅದು ನಿಜ. ಆದರೆ ಆ ಜಾಲರಿಯ ಜೀವಕೋಶಗಳಿಗೂ ಇನ್ಸುಲಿನ್ ಬೀಗ ಉಂಟು ಮಾರಾಯ್ರೆ! 2010ರಲ್ಲಿ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಬರೀ ಆ ಕೋಶಗಳ ರಿಸೆಪ್ಟರ್ ತೆಗೆದರು, ರಕ್ತದ ಸಕ್ಕರೆ ನಾರ್ಮಲ್ಲೇ ಇತ್ತು. ಆದರೂ ಇಲಿಗಳ ಮೂತ್ರದಲ್ಲಿ ಆಲ್ಬುಮಿನ್ ಸೋರಿತು, ಕಿಡ್ನಿ ಶುಗರ್ ಪೇಶೆಂಟಿನ ಕಿಡ್ನಿಯ ಹಾಗೆ ಆಯಿತು. ಇದು ಓದಿದ ದಿನ ನನಗೆ ನಿದ್ದೆ ಬರ್ಲಿಲ್ಲ. ಯಾಕೆಂದರೆ ನೆಂಟರು ಬಂದಾಗೆಲ್ಲ ಚಿಕ್ಕಮ್ಮನಿಗೆ ಹೇಳುವುದು, "ನೀನು ಚಾಕಲೇಟ್ ಕೊಟ್ಟೇ ಹೀಗಾದದ್ದು."

ಇನ್ನೊಂದು ತೊಂದರೆ ಕ್ಯಾಲ್ಸಿಯಂದು. ಈ ಕಾಯಿಲೆಯ ಮಕ್ಕಳಲ್ಲಿ ಕ್ಯಾಲ್ಸಿಯಂ ಮೂತ್ರದಲ್ಲಿ ಜಾಸ್ತಿ ಹೋಗಿ ಕಿಡ್ನಿಯ ಮಾಂಸದೊಳಗೇ ಸುಣ್ಣದ ಹಾಗೆ ಕೂರುವುದುಂಟು. ನೆಫ್ರೋಕ್ಯಾಲ್ಸಿನೋಸಿಸ್ ಅಂತಾರೆ. ತಂಗಿಯ ಸ್ಕ್ಯಾನಿಂಗಲ್ಲಿ ಕಂಡದ್ದು ಅದೇ, ಬಿಳಿ ಬಿಳಿ ಚುಕ್ಕೆ. ನೋವಿಲ್ಲ, ಊತವಿಲ್ಲ, ಏನೂ ಇಲ್ಲ. ಸ್ಕ್ಯಾನ್ ಮಾಡದಿದ್ದರೆ ಗೊತ್ತೇ ಆಗ್ತಿರಲಿಲ್ಲ. "ಕಲ್ಲಾ? ಬಾಳೆದಿಂಡಿನ ರಸ ಕುಡಿಸು" ಅಂದವರು ಹತ್ತು ಜನ. ಮೂತ್ರದ ದಾರಿಯಲ್ಲಿ ಸಿಕ್ಕಿಕೊಂಡ ಕಲ್ಲಲ್ಲ ಇದು, ಕುಡಿದು ಹೊರಗೆ ಹಾಕ್ಲಿಕ್ಕೆ ಆಗುವುದಿಲ್ಲ. ಇನ್ನೂ ಕೂರದ ಹಾಗೆ ನೋಡಿಕೊಳ್ಳಬಹುದು ಅಷ್ಟೇ.

ಅದಕ್ಕೆ ಡಾಕ್ಟರ್ ಹೇಳಿದ್ದು ಎರಡು: ನೀರು ಜಾಸ್ತಿ, ಉಪ್ಪು ಕಡಿಮೆ. ಉಪ್ಪು ತಿಂದಷ್ಟೂ ಕ್ಯಾಲ್ಸಿಯಂ ಮೂತ್ರಕ್ಕೆ ಹೋಗ್ತದಂತೆ. ನಮ್ಮ ಕಡೆ ಗಂಜಿಗೆ ಉಪ್ಪಿನಕಾಯಿ, ಒಣಮೀನು, ಹಪ್ಪಳ ಬಿಟ್ಟರೆ ಎಂತ ಉಂಟು ಹೇಳಿ! ಈಗ ಚಿಕ್ಕಮ್ಮ ಮನೆಯವರಿಗೆಲ್ಲ ತೆಂಗಿನಕಾಯಿ ಚಟ್ನಿಯೇ ಮಾಡುವುದು, ಉಪ್ಪು ಲೆಕ್ಕ ಹಾಕಿ. ಅವಳೊಬ್ಬಳಿಗೆ ಬೇರೆ ಬಡಿಸಿದರೆ ಅವಳು ಊಟ ಬಿಟ್ಟು ಎದ್ದು ಹೋಗ್ತಾಳೆ. ಹಾಲು ಮಾತ್ರ ನಿಲ್ಲಿಸಬಾರದು ಅಂತ ಹೇಳಿದ್ದಾರೆ, ಬೆಳೆಯುವ ಹುಡುಗಿ.

ನೀರಿನದ್ದೇ ದೊಡ್ಡ ಕಷ್ಟ. ಶಾಲೆಯಲ್ಲಿ ಹುಡುಗಿಯರು ನೀರು ಯಾಕೆ ಕುಡಿಯುವುದಿಲ್ಲ ಅಂತ ಇಲ್ಲಿ ಓದುವ ಹುಡುಗಿಯರಿಗೆ ಹೇಳಬೇಕಾಗಿಲ್ಲ. ಟಾಯ್ಲೆಟಿಗೆ ಬಾಗಿಲಿದ್ದರೆ ಚಿಲಕವಿಲ್ಲ, ಚಿಲಕವಿದ್ದರೆ ನೀರಿಲ್ಲ. ಪೀರಿಯಡ್ ಮಧ್ಯೆ ಎರಡು ಸಲ ಕೇಳಿದರೆ ಕ್ಲಾಸಿಡೀ ನಗ್ತದೆ. ಅವಳು ಬೆಳಿಗ್ಗೆ ತುಂಬಿಸಿದ ಬಾಟಲಿಯನ್ನು ಸಂಜೆ ಹಾಗೆಯೇ ತರ್ತಿದ್ದಳು. ಚಿಕ್ಕಪ್ಪ ಹೋಗಿ ಟೀಚರ್ ಹತ್ರ ಮಾತಾಡಿದ ಮೇಲೆ ಈಗ ಕೇಳದೆ ಎದ್ದು ಹೋಗಬಹುದು. ಕೋಟಿ ರೂಪಾಯಿಯ ಔಷಧಿಗಿಂತ ಆ ಪರ್ಮಿಶನ್ ದೊಡ್ಡದು ಅಂತ ನನಗೆ ಕಾಣ್ತದೆ. ಬಾಟಲಿ ಈಗ ಮಧ್ಯಾಹ್ನವೇ ಖಾಲಿ.

ಕುತ್ತಿಗೆ ಕಪ್ಪಿನ ಬಗ್ಗೆಯೂ ತುಂಬಾ ಜನ ಇನ್‌ಬಾಕ್ಸಿಗೆ ಬಂದಿದ್ದೀರಿ. ಅದು ಕೊಳೆ ಅಲ್ಲ, ಕಡ್ಲೆಹಿಟ್ಟು ಹಾಕಿ ತಿಕ್ಕಿದರೆ ಚರ್ಮ ಉರಿಯುವುದಷ್ಟೇ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಹಾಗೆ ದಪ್ಪವಾಗಿ ಕಪ್ಪಾಗ್ತದೆ. ಹೆಚ್ಚಿನವರಿಗೆ ತೂಕದಿಂದ, ಪಿಸಿಓಡಿ ಜೊತೆ ಬರುವುದು, ಹೆದರಬೇಡಿ. ಆದರೆ ತುಂಬಾ ತೆಳ್ಳಗಿದ್ದೂ ಕುತ್ತಿಗೆ, ಕಂಕುಳು ಕಪ್ಪಿದ್ದರೆ, ಪೀರಿಯಡ್ಸ್ ಸರಿ ಇಲ್ಲದಿದ್ದರೆ, ಅಥವಾ ಕೈಕಾಲಲ್ಲಿ ಕೊಬ್ಬೇ ಇಲ್ಲದೆ ನರ ಎದ್ದು ಕಾಣುತ್ತಿದ್ದರೆ ಒಮ್ಮೆ ತೋರಿಸಿ. ಕೊಬ್ಬೇ ಇಲ್ಲದ ಆ ಕಾಯಿಲೆಗೆ ಲಿಪೋಡಿಸ್ಟ್ರೋಫಿ ಅಂತ ಹೆಸರು, ಅದರಲ್ಲೂ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಸಾಮಾನ್ಯ. ಟೆಸ್ಟ್ ಸುಲಭ: ಬೆಳಿಗ್ಗೆಯ ಮೊದಲ ಮೂತ್ರದಲ್ಲಿ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. 30ಕ್ಕಿಂತ ಕಡಿಮೆ ಇರಬೇಕು. ಸಾಮಾನ್ಯ ಪಟ್ಟಿ ಅದ್ದುವ ಟೆಸ್ಟಿನಲ್ಲಿ ಸ್ವಲ್ಪ ಸೋರಿಕೆ ಕಾಣುವುದಿಲ್ಲ, ಹಾಗಾಗಿ ಹೆಸರು ಹೇಳಿಯೇ ಕೇಳಿ.

ಇನ್ನೊಂದು. ಗೂಗಲ್ ಮಾಡಿ "ಇವರು ಜಾಸ್ತಿ ವರ್ಷ ಇರುವುದಿಲ್ಲವಂತೆ, ಹೌದಾ?" ಅಂತ ಕಮೆಂಟ್ ಹಾಕಬೇಡಿ. ಅವಳೂ ಓದ್ತಾಳೆ.

ಮುಂದಿನ ಭಾಗ ಜೀನ್ ಟೆಸ್ಟಿನ ಬಗ್ಗೆ, ಮಣಿಪಾಲಕ್ಕೆ ಹೋದದ್ದು. ಪರೀಕ್ಷೆ ಮುಗಿಯಲಿ, ಬರೀತೇನೆ.

#ಬಂಟ್ವಾಳ #ಬೆಳ್ತಂಗಡಿ #ಮೂಡುಬಿದಿರೆ #ಕಿಡ್ನಿ #ನೀರುಕುಡಿಯಿರಿ