ರೆಕ್ಕೆ ಕಳಚಿದ ನೀಲಿ ಹಕ್ಕಿ

ದೋಣಿಗೆ ಇನ್ನಷ್ಟು ದೊಡ್ಡ ಎಂಜಿನ್ ಕೂರಿಸಿದರೆ ಅದು ಇನ್ನಷ್ಟು ಜೋರಾಗಿ ಓಡುತ್ತದೆ ಎಂಬುದು ಎಲ್ಲರ ನಂಬಿಕೆ. ನೆಲದ ಮೇಲಾದರೆ ಈ ಲೆಕ್ಕ ಬಹುಮಟ್ಟಿಗೆ ಸರಿ. ಲಾರಿಯ ಟೈರು ರಸ್ತೆಯನ್ನು ಹಿಂದಕ್ಕೆ ಒದ್ದರೆ ರಸ್ತೆ ಸರಿಯುವುದಿಲ್ಲ, ಲಾರಿಯೇ ಮುಂದೆ ಹೋಗುತ್ತದೆ. ನೀರು ಹಾಗಲ್ಲ. ಒದ್ದರೆ ಅದೂ ಹಿಂದಕ್ಕೆ ಜಾರುತ್ತದೆ. ತೀರಾ ಜೋರಾಗಿ ಒದ್ದರೆ ಅಲ್ಲಿ ಒದೆಯಲು ನೀರೇ ಉಳಿದಿರುವುದಿಲ್ಲ! ಇಂಗ್ಲೆಂಡಿನ ಕ್ಯಾಂಬೆಲ್ ಮನೆತನದ ಅಪ್ಪ ಮಗ ಇಬ್ಬರೂ ತಮ್ಮ ಆಯುಸ್ಸಿನ ದೊಡ್ಡ ಭಾಗವನ್ನು ಈ ತೊಡಕಿಗೇ ಒತ್ತೆಯಿಟ್ಟರು. ಮಗನಂತೂ ಪ್ರಾಣವನ್ನೇ ಕೊಟ್ಟ.

ಅಪ್ಪ ಸರ್ ಮಾಲ್ಕಂ ಕ್ಯಾಂಬೆಲ್. ತನ್ನ ಕಾರುಗಳಿಗೂ ದೋಣಿಗಳಿಗೂ ಆತ ಇಟ್ಟದ್ದು ಒಂದೇ ಹೆಸರು, 'ಬ್ಲೂ ಬರ್ಡ್'. ಮೇಟರ್‌ಲಿಂಕ್‌ನ ನಾಟಕವೊಂದರಿಂದ ಎತ್ತಿಕೊಂಡ ಹೆಸರು ಅದು. 1939ರ ಆಗಸ್ಟ್ 19ರಂದು, ಮಹಾಯುದ್ಧ ಶುರುವಾಗಲು ಇನ್ನೆರಡೇ ವಾರ ಇದ್ದಾಗ, ಕಾನಿಸ್ಟನ್ ಸರೋವರದಲ್ಲಿ ಆತ ಬ್ಲೂ ಬರ್ಡ್ ಕೆ-4 ದೋಣಿಯನ್ನು ಗಂಟೆಗೆ 228 ಕಿ.ಮೀ. ವೇಗದಲ್ಲಿ ಓಡಿಸಿ ವಿಶ್ವದಾಖಲೆ ಮಾಡಿದ. ಒಳಗಿದ್ದದ್ದು ವಿಮಾನಗಳ ಪಂದ್ಯಕ್ಕೆಂದು ರೋಲ್ಸ್-ರಾಯ್ಸ್ ತಯಾರಿಸಿದ್ದ 'ಆರ್' ಎಂಜಿನ್, ಎರಡು ಸಾವಿರ ಅಶ್ವಶಕ್ತಿಗೂ ಮಿಗಿಲಾದದ್ದು. ಆ ಬಲವನ್ನೆಲ್ಲ ನೀರಿಗೆ ದಾಟಿಸುತ್ತಿದ್ದದ್ದು ಮಾತ್ರ ನೀರೊಳಗೆ ಪೂರ್ತಿ ಮುಳುಗಿದ್ದ ಒಂದು ಪುಟ್ಟ ಪ್ರೊಪೆಲರ್.

ಪ್ರೊಪೆಲರ್ ಎಂದರೆ ನೀರಿಗೆ ಹಾಕಿದ ತಿರುಪುಮೊಳೆ ಎನ್ನಿ. ಮರದಲ್ಲಿ ಮೊಳೆ ಒಂದು ಸುತ್ತಿಗೆ ಎಷ್ಟು ಒಳಗಿಳಿಯುತ್ತದೆಯೋ ಹಾಗೆ ಪ್ರೊಪೆಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಸಾಗಬೇಕು ಎಂಬುದಕ್ಕೆ 'ಪಿಚ್' ಎಂದು ಹೆಸರು. ಪಿಚ್ 50 ಸೆಂಟಿಮೀಟರ್ ಇದ್ದು ಅದು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ದೋಣಿ ನಿಮಿಷಕ್ಕೆ 1,500 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ಹೋಗಬೇಕು. ಆದರೆ ನೀರು ಮರವಲ್ಲವಲ್ಲ. ನೂರಕ್ಕೆ ಹತ್ತು ಪಾಲು ಜಾರಿತು ಎಂದುಕೊಂಡರೂ ಸಿಗುವುದು 81 ಮಾತ್ರ. ಹಾಗಾದರೆ ಪಿಚ್ ಹೆಚ್ಚಿಸಿದರಾಯಿತಲ್ಲ ಎನ್ನಬಹುದು. ಹೆಚ್ಚಿಸಿದಷ್ಟೂ ಎಂಜಿನ್ ಮೇಲಿನ ಹೊರೆ ಹೆಚ್ಚುತ್ತದೆ. ತುಂಬಿದ ಬಸ್ಸನ್ನು ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಲು ಹೊರಟ ಚಾಲಕನ ಪಾಡಾಗುತ್ತದೆ. ಪಿಚ್ ಕಡಿಮೆ ಮಾಡಿದರೆ ಎಂಜಿನ್ ಹುಚ್ಚೆದ್ದು ತಿರುಗುತ್ತದೆ, ದೋಣಿ ಹೋಗುವುದಿಲ್ಲ.

ಇನ್ನೊಂದು ತೊಂದರೆ ಗುಳ್ಳೆಗಳದ್ದು. ಎತ್ತರದ ಬೆಟ್ಟದ ಮೇಲೆ ಒತ್ತಡ ಕಡಿಮೆಯಾದ್ದರಿಂದ ನೀರು 100 ಡಿಗ್ರಿಗೆ ಮುಂಚೆಯೇ ಕುದಿಯುವುದನ್ನು ಶಾಲೆಯ ಮಕ್ಕಳೂ ಬಲ್ಲರು. ವೇಗವಾಗಿ ತಿರುಗುವ ರೆಕ್ಕೆಯ ಬೆನ್ನಿನ ಕಡೆ ಒತ್ತಡ ಎಷ್ಟು ಕುಸಿಯುತ್ತದೆಂದರೆ ಅಲ್ಲಿ ತಣ್ಣೀರೇ ಕುದಿದು ಆವಿಯಾಗುತ್ತದೆ. ರೆಕ್ಕೆ ನೀರಿನ ಬದಲು ಆವಿಯನ್ನು ಬೀಸತೊಡಗುತ್ತದೆ. ಗುಳ್ಳೆಗಳು ಒಡೆಯುವಾಗಿನ ಹೊಡೆತಕ್ಕೆ ಲೋಹವೂ ಹುಳುಕು ಹಿಡಿದಂತೆ ಗುಳಿ ಬೀಳುತ್ತದೆ. ಉಗಿ ಟರ್ಬೈನ್ ಕಂಡುಹಿಡಿದ ಚಾರ್ಲ್ಸ್ ಪಾರ್ಸನ್ಸ್ ಇದರಿಂದ ಚೆನ್ನಾಗಿ ಪೆಟ್ಟು ತಿಂದವನು. 1894ರಲ್ಲಿ ನೀರಿಗಿಳಿಸಿದ 'ಟರ್ಬಿನಿಯಾ' ಹಡಗಿನಲ್ಲಿ ಎಂಜಿನ್ ಬಲಕ್ಕೆ ಕೊರತೆ ಇರಲಿಲ್ಲ. ಆದರೂ ಒಂದೇ ಪ್ರೊಪೆಲರಿನಿಂದ ಅದು 20 ನಾಟ್ ದಾಟಲಿಲ್ಲ. ಆತ ಗಾಜಿನ ಕಿಟಕಿಯ ತೊಟ್ಟಿಯೊಂದನ್ನು ಕಟ್ಟಿ, ಬೆಳಕು ಹಾಯಿಸಿ, ಗುಳ್ಳೆಗಳನ್ನು ಕಣ್ಣಾರೆ ಕಂಡ. ಮೂರು ದಂಡಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲರ್ ಹಾಕಿ ಹೊರೆಯನ್ನು ಹಂಚಿದ ಮೇಲೆ ಅದೇ ಹಡಗು 34 ನಾಟ್ ದಾಟಿತು. 1897ರ ಜೂನ್ 26ರಂದು ಬ್ರಿಟಿಷ್ ನೌಕಾಪಡೆಯ ಸಾಲು ಹಡಗುಗಳ ನಡುವೆ ನುಗ್ಗಿ, ಹಿಡಿಯಲು ಬಂದ ಕಾವಲು ದೋಣಿಗಳನ್ನು ಹಿಂದೆ ಹಾಕಿ ಹೋದದ್ದು ಇದೇ ಟರ್ಬಿನಿಯಾ.

ವಿಚಿತ್ರವೆಂದರೆ ಅದೇ ಜೂನ್ 26ರಂದು, 1950ರಲ್ಲಿ, ಕ್ಯಾಂಬೆಲ್ ಮನೆತನದ ದಾಖಲೆ ಮುರಿದುಬಿತ್ತು. ಮಾಲ್ಕಂ ಆಗ ಬದುಕಿರಲಿಲ್ಲ. 1948ರ ಡಿಸೆಂಬರ್ 31ರಂದು ತೀರಿಕೊಂಡಿದ್ದ. ಮಗ ಡೊನಾಲ್ಡ್, ಅಪ್ಪನ ಹಳೆಯ ಮೆಕ್ಯಾನಿಕ್ ಲಿಯೊ ವಿಲ್ಲಾನನ್ನು ಜೊತೆಗಿಟ್ಟುಕೊಂಡು, ಅದೇ ಕೆ-4 ದೋಣಿಯನ್ನು ಕಾನಿಸ್ಟನ್ನಿನಲ್ಲಿ ಸಜ್ಜು ಮಾಡುತ್ತಿದ್ದ. ಅಷ್ಟರಲ್ಲಿ ಅಮೆರಿಕದ ಸಿಯಾಟಲ್ ನಗರದಿಂದ ಸುದ್ದಿ ಬಂತು. ಸ್ಟ್ಯಾನ್ ಸೇಯರ್ಸ್ ಎಂಬಾತ 'ಸ್ಲೋ-ಮೋ-ಷನ್ 4' ಎಂಬ ದೋಣಿಯನ್ನು ಗಂಟೆಗೆ 258 ಕಿ.ಮೀ. ಓಡಿಸಿದ್ದ. 30 ಕಿ.ಮೀ. ಮುಂದೆ! 'ನಿಧಾನ ಚಲನೆ' ಎಂದು ಅರ್ಥ ಬರುವ ಹೆಸರಿನ ದೋಣಿಯಿಂದ ಸೋಲುವುದು ಎಂಥ ಅವಮಾನ.

ಸೇಯರ್ಸ್‌ನ ಬಳಿ ಇದ್ದದ್ದು ಯುದ್ಧವಿಮಾನಗಳಿಂದ ಉಳಿದ ಆಲಿಸನ್ ಎಂಜಿನ್. ಕ್ಯಾಂಬೆಲ್‌ನ ರೋಲ್ಸ್-ರಾಯ್ಸ್‌ಗಿಂತ ಅದು ದುರ್ಬಲವೇ. ಗೆದ್ದದ್ದು ಎಂಜಿನ್ ಅಲ್ಲ, ಪ್ರೊಪೆಲರನ್ನು ಇಟ್ಟ ಜಾಗ. ಟೆಡ್ ಜೋನ್ಸ್ ವಿನ್ಯಾಸ ಮಾಡಿ ಆಂಕರ್ ಜೆನ್ಸನ್ ಕಟ್ಟಿದ ಆ ದೋಣಿ ವೇಗ ಹಿಡಿದ ಮೇಲೆ ಮುಂದಿನ ಎರಡು ಪಾದಗಳ ಮೇಲೆ ಮತ್ತು ಹಿಂದಿನ ಪ್ರೊಪೆಲರಿನ ಮೇಲೆಯೇ ನಿಲ್ಲುತ್ತಿತ್ತು. ಪ್ರೊಪೆಲರ್ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ. ಎರಡು ರೆಕ್ಕೆಗಳಲ್ಲಿ ಒಂದು ಸದಾ ಮೇಲೆ. ದಂಡ, ಅದರ ಆಧಾರ, ಪ್ರೊಪೆಲರಿನ ನಡುಗುಂಬ ಇವೆಲ್ಲ ನೀರನ್ನು ಸೀಳುವ ಕಷ್ಟ ತಪ್ಪಿತು. ಮೇಲಿನಿಂದ ಇಳಿಯುವ ರೆಕ್ಕೆ ತನ್ನೊಂದಿಗೆ ಗಾಳಿಯನ್ನೂ ತರುವುದರಿಂದ ಆವಿಯ ಗುಳ್ಳೆಯ ಕಾಟವೂ ತಗ್ಗಿತು. ಅರ್ಧ ರೆಕ್ಕೆ ಹೊರಗಿಟ್ಟರೆ ಅರ್ಧ ಬಲ ದಂಡ ಎಂದು ಲೆಕ್ಕದ ಪುಸ್ತಕ ಹೇಳೀತು. ನೀರು ಬೇರೆಯೇ ಹೇಳಿತು.

ಡೊನಾಲ್ಡ್ ಹಟವಾದಿ, ಆದರೆ ಕಲಿಯಲು ನಾಚದವನು. ಅಪ್ಪನ ದೋಣಿಯನ್ನು ಬಿಚ್ಚಿಸಿ ಅದನ್ನೂ ಪ್ರೊಪೆಲರಿನ ಮೇಲೆ ನಿಲ್ಲುವಂತೆ ಮಾರ್ಪಡಿಸಿದ. ಪಕ್ಕದಲ್ಲಿ ವಿಲ್ಲಾ ಕೂರಲು ಇನ್ನೊಂದು ಆಸನ ಮಾಡಿಸಿದ. 1951ರಲ್ಲಿ ದೋಣಿ ಕಾನಿಸ್ಟನ್ನಿನಲ್ಲಿ ಗಂಟೆಗೆ ಸುಮಾರು 270 ಕಿ.ಮೀ. ಮುಟ್ಟಿತು. ಮುಟ್ಟಿದ ಗಳಿಗೆಯಲ್ಲೇ ಅದರ ಮೈ ಒಡೆಯಿತು. ಇಬ್ಬರೂ ಬದುಕಿದರು. 1939ರ ವೇಗಕ್ಕೆಂದು ಕಟ್ಟಿದ ಮರದ ಮೈಗೆ 1951ರ ವೇಗ ತಾಳಲಾಗಲಿಲ್ಲ ಎನ್ನಬೇಕು.

ದಾಖಲೆಯ ಗೊಡವೆಯಿಲ್ಲದೆ, ರಜೆಯ ದಿನ ಸರೋವರದಲ್ಲಿ ಸ್ಪೀಡ್‌ಬೋಟ್ ಓಡಿಸುವ ಅಮೆರಿಕ, ಯೂರೋಪಿನ ಸಾವಿರಾರು ಮಂದಿಗೂ ಇದೇ ತಾಪತ್ರಯ ಸಣ್ಣ ಪ್ರಮಾಣದಲ್ಲಿ ಇದ್ದೇ ಇದೆ. ವೇಗ ಸಾಲದು ಅನ್ನಿಸಿದ ಕೂಡಲೇ ಅವರು ಹೊಸ ಎಂಜಿನ್ನಿನ ಬೆಲೆ ಕೇಳಲು ಹೋಗುತ್ತಾರೆ. ತಲೆಕೆಳಗಾದ ಕ್ರಮ ಇದು. ಮೊದಲು ನೋಡಬೇಕಾದ್ದು ಪೂರ್ತಿ ಥ್ರಾಟಲ್ ಕೊಟ್ಟಾಗ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂಬುದನ್ನು. ತಯಾರಕರು ಹೇಳಿದ ಮಿತಿಗಿಂತ ಕಡಿಮೆ ಇದ್ದರೆ ಪಿಚ್ ಜಾಸ್ತಿಯಾಯಿತೆಂದು ಅರ್ಥ, ಮಿತಿ ಮೀರಿದರೆ ಕಡಿಮೆಯಾಯಿತೆಂದು. ಪಿಚ್ ಒಂದು ಇಂಚು ಏರಿದರೆ ಸುತ್ತು 150ರಿಂದ 200ರಷ್ಟು ಇಳಿಯುತ್ತದೆ ಎಂಬುದು ಬೋಟಿನವರ ಬಾಯಿಲೆಕ್ಕ. ಅಲ್ಯೂಮಿನಿಯಂ ರೆಕ್ಕೆ ಅಗ್ಗ, ಆದರೆ ಜೋರಿನಲ್ಲಿ ಬಾಗುತ್ತದೆ. ಉಕ್ಕಿನದನ್ನು ತೆಳುವಾಗಿ ಮಾಡಬಹುದು, ಬಾಗುವುದೂ ಕಡಿಮೆ. ಮೂರು ರೆಕ್ಕೆಯದು ಸಾಮಾನ್ಯವಾಗಿ ಗರಿಷ್ಠ ವೇಗಕ್ಕೆ ಒಳ್ಳೆಯದು. ನಾಲ್ಕು ರೆಕ್ಕೆಯದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ತಿರುವಿನಲ್ಲಿ ಕೈಬಿಡುವುದಿಲ್ಲ. ಎಂಜಿನ್ನನ್ನೇ ಒಂದೆರಡು ಇಂಚು ಮೇಲೆತ್ತಿ ಕೂರಿಸಿದರೆ ಖರ್ಚಿಲ್ಲದೆ ವೇಗ ಸಿಗುವುದುಂಟು. ಸ್ಲೋ-ಮೋ-ಷನ್ನಿನ ಗುಟ್ಟೇ ಅದು. ಎತ್ತಿದ್ದು ಹೆಚ್ಚಾದರೆ ಎಂಜಿನ್ ತಂಪು ಮಾಡುವ ನೀರು ಒಳಬರದೆ ಸುಟ್ಟುಹೋಗುತ್ತದೆ, ಅದು ಬೇರೆ ಮಾತು. ಇಷ್ಟೆಲ್ಲ ಆದ ಮೇಲೂ ಸಾಲದಿದ್ದರೆ ಎಂಜಿನ್. ಅದಕ್ಕೂ ಮುನ್ನ ದೋಣಿಯ ಹಿಂಗೋಡೆ ಆ ಭಾರ ತಾಳುತ್ತದೆಯೇ ಎಂದು ನೋಡಬೇಕು. ಅಮೆರಿಕದಲ್ಲಿ ಸಣ್ಣ ಮೋಟಾರು ದೋಣಿಗಳ ಮೇಲೆ ಇಂತಿಷ್ಟೇ ಅಶ್ವಶಕ್ತಿ ಎಂಬ ಫಲಕ ಹಚ್ಚುವುದು ಶೋಕಿಗಲ್ಲ.

ಡೊನಾಲ್ಡ್‌ನ ಮುಂದಿನ ನಿರ್ಧಾರ ಇನ್ನೂ ದೊಡ್ಡದು. ಪ್ರೊಪೆಲರೇ ಬೇಡವೆಂದು ಬಿಟ್ಟ. 1952ರ ಸೆಪ್ಟೆಂಬರ್ 29ರಂದು ಸ್ಕಾಟ್ಲೆಂಡಿನ ಲಾಕ್ ನೆಸ್‌ನಲ್ಲಿ ಜಾನ್ ಕಾಬ್ ಜೆಟ್ ದೋಣಿ ಓಡಿಸುತ್ತ ಸತ್ತದ್ದು ಕಣ್ಣ ಮುಂದಿತ್ತು. ಆದರೂ ನಾರಿಸ್ ಸಹೋದರರಿಂದ ವಿನ್ಯಾಸ ಮಾಡಿಸಿ ಪೂರ್ತಿ ಲೋಹದ, ಜೆಟ್ ಎಂಜಿನ್ನಿನ ಬ್ಲೂಬರ್ಡ್ ಕೆ-7 ಕಟ್ಟಿಸಿದ. ಜೆಟ್ ತಳ್ಳುವುದು ಗಾಳಿಯಿಂದ. ಪಿಚ್ಚಿಲ್ಲ, ಜಾರುವಿಕೆಯಿಲ್ಲ, ಗುಳ್ಳೆಯಿಲ್ಲ. 1955ರ ಜುಲೈನಲ್ಲಿ ಅಲ್ಸ್‌ವಾಟರ್ ಸರೋವರದಲ್ಲಿ ಗಂಟೆಗೆ 325 ಕಿ.ಮೀ. ದಾಟಿತು. 1964ರ ಡಿಸೆಂಬರ್ 31ರಂದು, ಅಪ್ಪ ಸತ್ತ ದಿನವೇ, ಆಸ್ಟ್ರೇಲಿಯದ ಡಂಬಲ್‌ಯಂಗ್ ಸರೋವರದಲ್ಲಿ 444 ಕಿ.ಮೀ. ಒಟ್ಟು ಏಳು ದಾಖಲೆ, ಒಂದೇ ದೋಣಿಯಲ್ಲಿ. ಅದೇ ವರ್ಷ ನೆಲದ ಮೇಲೂ ಕಾರಿನಲ್ಲಿ ದಾಖಲೆ ಮಾಡಿದ್ದ. ಒಂದೇ ವರ್ಷ ಎರಡನ್ನೂ ಗೆದ್ದವನು ಆತನೊಬ್ಬನೇ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಗಂಟೆಗೆ 300 ಮೈಲಿ, ಅಂದರೆ 483 ಕಿ.ಮೀ. ಮುಟ್ಟಬೇಕೆಂಬ ಆಸೆ. 1966ರಲ್ಲಿ ಕೆ-7ರ ಹಳೆಯ ಬೆರಿಲ್ ಎಂಜಿನ್ ತೆಗೆಸಿ ಆರ್ಫಿಯಸ್ ಎಂಜಿನ್ ಕೂರಿಸಿದ. ಅದರ ನೂಕುಬಲ 4,500 ಪೌಂಡ್. ಹಳೆಯದಕ್ಕಿಂತ ಬಲ ಹೆಚ್ಚು, ತೂಕ ಬಹಳ ಕಡಿಮೆ. ಈ ಆರ್ಫಿಯಸ್ ಬೆಂಗಳೂರಿಗೆ ಅಪರಿಚಿತವಲ್ಲ. ಎಚ್‌ಎಎಲ್‌ನ ಎಂಜಿನ್ ವಿಭಾಗ 1957ರಲ್ಲಿ ಶುರುವಾದದ್ದೇ ಇದನ್ನು ಪರವಾನಗಿ ಪಡೆದು ತಯಾರಿಸಲು. 1965ರ ಯುದ್ಧದಲ್ಲಿ ಹೆಸರು ಮಾಡಿದ ನ್ಯಾಟ್ ವಿಮಾನದ ಹೊಟ್ಟೆಯಲ್ಲಿದ್ದದ್ದು ಇದೇ. 1996ರಿಂದ 2011ರವರೆಗೆ ಬೀದರ್‌ನ ಸೂರ್ಯಕಿರಣ್ ತಂಡ ಹಾರಿಸುತ್ತಿದ್ದ ಕಿರಣ್ ವಿಮಾನಗಳಲ್ಲೂ ಇದೇ. ಬೆಂಗಳೂರಿನಲ್ಲೇ ಹುಟ್ಟಿದ ಮಾರುತ್ ಯುದ್ಧವಿಮಾನಕ್ಕೆ ಇದರ ಇನ್ನೂ ಬಲಿಷ್ಠ ರೂಪ ಬೇಕಿತ್ತು, ಅದು ಬರಲೇ ಇಲ್ಲ. ಸಿಕ್ಕಷ್ಟು ಬಲದಲ್ಲೇ ಮಾರುತ್ ಹಾರಬೇಕಾಯಿತು. ಡೊನಾಲ್ಡ್‌ನದು ಇದಕ್ಕೆ ತದ್ವಿರುದ್ಧ ಪರಿಸ್ಥಿತಿ. ಎಂಜಿನ್ ಸಿಕ್ಕಿತ್ತು, ದೋಣಿ ಹಳೆಯದು.

ಹೊಸ ಎಂಜಿನ್ ಬಂದ ದಿನದಿಂದ ಕಷ್ಟಗಳ ಸಾಲು. ಗಾಳಿ ಒಳಸೇರುವ ಕೊಳವೆ ಕುಸಿದು ಅದರ ಚೂರುಗಳು ಒಳಹೊಕ್ಕು ಮೊದಲ ಎಂಜಿನ್ನೇ ಹಾಳಾಯಿತು. ಇನ್ನೊಂದನ್ನು ತಂದು ಹಾಕಿದರು. ನ್ಯಾಟ್ ವಿಮಾನದ್ದೇ ಬಾಲದ ರೆಕ್ಕೆಯೊಂದನ್ನು ದೋಣಿಯ ಬೆನ್ನಿಗೆ ಜೋಡಿಸಿದರು. ತೂಕದ ಹಂಚಿಕೆ ಬದಲಾದ್ದರಿಂದ ದೋಣಿ ನೀರಿನಿಂದ ಎದ್ದು ಓಡಲೇ ಒಲ್ಲದು. ಅದನ್ನು ಸರಿಪಡಿಸಲು ನವೆಂಬರ್ ಕಳೆಯಿತು. ಆಮೇಲೆ ಇಂಧನದ ತೊಂದರೆ. ಕೊರೆಯುವ ಚಳಿಯ ಕಾನಿಸ್ಟನ್ನಿನಲ್ಲಿ ಪತ್ರಕರ್ತರು ಆಕಳಿಸುತ್ತ ಕಾದರು. ಇದನ್ನೆಲ್ಲ ಓದುವಾಗ ಅನ್ನಿಸುತ್ತದೆ, ಆತನಿಗೆ ಬೇಕಿದ್ದದ್ದು ಹೊಸ ಎಂಜಿನ್ನಲ್ಲ, ಹೊಸ ದೋಣಿ. ಅದಕ್ಕೆ ಹಣ ಎಲ್ಲಿಂದ ಬರಬೇಕು?

ಪ್ರೊಪೆಲರಿನ ಜೊತೆ ಹೋದದ್ದು ತೊಂದರೆಗಳಷ್ಟೇ ಅಲ್ಲ. ನೀರನ್ನು ಕಚ್ಚಿ ಹಿಡಿದು ತಿರುಗುವ ರೆಕ್ಕೆ ದೋಣಿಯನ್ನು ನೀರಿಗೆ ಕಟ್ಟಿಹಾಕುವ ಹಗ್ಗವೂ ಹೌದು. ನೀರನ್ನು ಬಿಟ್ಟು ಮೇಲೆದ್ದ ಗಳಿಗೆ ಪ್ರೊಪೆಲರ್ ತಳ್ಳುವುದನ್ನು ನಿಲ್ಲಿಸುತ್ತದೆ. ಜೆಟ್‌ಗೆ ಆ ಪರಿವೆ ಇಲ್ಲ. ನೀರಿದ್ದರೂ ಇಲ್ಲದಿದ್ದರೂ ತಳ್ಳುತ್ತದೆ. ಕೆ-7 ನೀರನ್ನು ಮುಟ್ಟುತ್ತಿದ್ದದ್ದು ಮೂರು ಸಣ್ಣ ಜಾಗಗಳಲ್ಲಿ. ಉಳಿದದ್ದೆಲ್ಲ ಗಾಳಿಯಲ್ಲಿ. ವೇಗ ಎರಡು ಪಟ್ಟಾದರೆ ಗಾಳಿ ಎತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಮೂಗು ಕೆಲವೇ ಡಿಗ್ರಿ ಮೇಲೆದ್ದರೂ ಎರಡು ಟನ್ನಿಗೂ ಮಿಗಿಲಾದ ದೋಣಿ ಗಾಳಿಪಟವಾಗುತ್ತದೆ.

1967ರ ಜನವರಿ 4ರ ಬೆಳಿಗ್ಗೆ. ದಾಖಲೆಗೆ ಎರಡು ದಿಕ್ಕಿನಲ್ಲಿಯೂ ಓಡಿ ಸರಾಸರಿ ತೆಗೆಯಬೇಕು, ಎರಡರ ನಡುವೆ ಗಂಟೆಯೊಳಗಿನ ಬಿಡುವು ತೆಗೆದುಕೊಳ್ಳಬಹುದು. ಮೊದಲ ಓಟದಲ್ಲಿ ಗಂಟೆಗೆ 297.6 ಮೈಲಿ, ಸುಮಾರು 479 ಕಿ.ಮೀ. ಇನ್ನೊಂದಿಷ್ಟು ಹೆಚ್ಚು ಸಾಕು. ಡೊನಾಲ್ಡ್ ಇಂಧನ ತುಂಬಿಸಲು ನಿಲ್ಲಲಿಲ್ಲ, ತನ್ನದೇ ಅಲೆಗಳು ತಣಿಯಲು ಕಾಯಲಿಲ್ಲ. ಕೂಡಲೇ ತಿರುಗಿಸಿದ. ವೇಗ 328 ಮೈಲಿ ಮುಟ್ಟಿತು, 528 ಕಿ.ಮೀ. ಮೂಗು ಕುಣಿಯಿತು, ಮೇಲೆದ್ದಿತು, ಇಡೀ ದೋಣಿ ನೀರು ಬಿಟ್ಟು ಎದ್ದು ಹಿಂದಕ್ಕೆ ಪಲ್ಟಿ ಹೊಡೆದು ಅಪ್ಪಳಿಸಿತು. 45 ವರ್ಷದ ಡೊನಾಲ್ಡ್ ಆಮೇಲೆ ಸಿಗಲಿಲ್ಲ. ಅದೃಷ್ಟಕ್ಕೆಂದು ಜೊತೆಗಿಟ್ಟುಕೊಳ್ಳುತ್ತಿದ್ದ ಆಟಿಕೆ ಕರಡಿ ತೇಲಿಬಂತು.

ಅಲೆಗಳೇ ಕಾರಣ ಎಂದವರುಂಟು. ಕೊನೆಯ ಗಳಿಗೆಯಲ್ಲಿ ಎಂಜಿನ್ ಆರಿಹೋಯಿತು, ನೂಕುಬಲ ನಿಂತಾಗ ಮೂಗನ್ನು ಕೆಳಗೆ ಒತ್ತಿ ಹಿಡಿಯುವ ಶಕ್ತಿಯೂ ನಿಂತಿತು ಎಂದು ವಾದಿಸಿದವರೂ ಉಂಟು. ಎರಡೂ ಸೇರಿರಬಹುದು. ಅಂತೂ ದಾಖಲೆ ಆಗಲಿಲ್ಲ. 1978ರಲ್ಲಿ ಆಸ್ಟ್ರೇಲಿಯದ ಕೆನ್ ವಾರ್ಬಿ ತನ್ನ ಮನೆಯ ಹಿತ್ತಲಲ್ಲಿ ಕಟ್ಟಿದ ಜೆಟ್ ದೋಣಿಯಲ್ಲಿ ಬ್ಲೋವರಿಂಗ್ ಜಲಾಶಯದ ಮೇಲೆ ಗಂಟೆಗೆ 511 ಕಿ.ಮೀ. ಓಡಿದ. ಅದನ್ನು ಮೀರಲು ಹೋಗಿ 1980ರಲ್ಲಿ ಲೀ ಟೇಲರ್, 1989ರಲ್ಲಿ ಕ್ರೇಗ್ ಆರ್ಫನ್ಸ್ ಸತ್ತರು. ಪ್ರೊಪೆಲರ್ ದೋಣಿಗಳವರು ಅಷ್ಟು ದೂರ ಹೋಗಲಿಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಮಿಸ್ ಬಡ್ವೈಸರ್' ಮುಟ್ಟಿದ್ದು ಸುಮಾರು 355 ಕಿ.ಮೀ. ಅದರ ಎಂಜಿನ್ ಹೆಲಿಕಾಪ್ಟರಿನದು, ಪ್ರೊಪೆಲರ್ ಮಾತ್ರ ಸ್ಲೋ-ಮೋ-ಷನ್ನಿನ ಹಾಗೆ ಅರ್ಧ ಹೊರಗೆ.

ಕೆ-7 ಮೂವತ್ತನಾಲ್ಕು ವರ್ಷ ಕಾನಿಸ್ಟನ್ನಿನ ತಳದಲ್ಲಿತ್ತು. 2001ರ ಮಾರ್ಚಿನಲ್ಲಿ ಬಿಲ್ ಸ್ಮಿತ್ ಎಂಬ ಮುಳುಗುಗಾರನ ತಂಡ ಅದನ್ನು ಮೇಲೆತ್ತಿತು. ಮೇ ತಿಂಗಳಲ್ಲಿ ಡೊನಾಲ್ಡ್‌ನ ದೇಹವೂ ಸಿಕ್ಕಿ, ಸೆಪ್ಟೆಂಬರ್‌ನಲ್ಲಿ ಅದೇ ಊರಿನಲ್ಲಿ ಮಣ್ಣು ಮಾಡಿದರು. ತಗಡಿನ ಮೈಯನ್ನು ವರ್ಷಗಟ್ಟಲೆ ತಟ್ಟಿ ನೇರ ಮಾಡಿ, ಬೇರೊಂದು ಆರ್ಫಿಯಸ್ ಎಂಜಿನ್ ಕೂರಿಸಿ, 2018ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಲಾಕ್ ಫ್ಯಾಡ್‌ನಲ್ಲಿ ಮತ್ತೆ ಓಡಿಸಿದರು. ದಾಖಲೆಗಲ್ಲ, ಸುಮ್ಮನೆ. ಹಿಂದಿನ ವೇಗದ ಅರ್ಧವನ್ನೂ ಮುಟ್ಟುವ ಗೊಡವೆಗೆ ಹೋಗಲಿಲ್ಲ. 2024ರ ಮಾರ್ಚಿನಲ್ಲಿ ದೋಣಿ ಕಾನಿಸ್ಟನ್ನಿಗೆ ಮರಳಿ ಅಲ್ಲಿನ ರಸ್ಕಿನ್ ಮ್ಯೂಸಿಯಂ ಸೇರಿತು. ಲಾರಿಯ ಮೇಲೆ ಅದು ಊರೊಳಗೆ ಬಂದಾಗ ಜನ ರಸ್ತೆಯ ಎರಡೂ ಕಡೆ ನಿಂತು ನೋಡಿದರು.