ತುಮಕೂರು ರಸ್ತೆಯ ಹಳೇ ನಂಬರುಗಳು

ತುಮಕೂರು ರಸ್ತೆಯಲ್ಲಿ ಒಂದು ಕಾಲಕ್ಕೆ ಕಾರು ತಯಾರಾಗುತ್ತಿತ್ತು ಎಂದರೆ ಈಗ ಅದರ ಫ್ಲೈಓವರ್ ಮೇಲೆ ಟೋಲ್ ಕಟ್ಟಿ ಓಡುವವರು ನಂಬಲಿಕ್ಕಿಲ್ಲ. ಅಲ್ಲಿನ ಕೈಗಾರಿಕಾ ಬಡಾವಣೆಯಲ್ಲಿದ್ದ ಸಿಪಾನಿ ಕಂಪನಿ ಎಪ್ಪತ್ತರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನೂ, 1982ರ ಹೊತ್ತಿಗೆ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನೂ ರಸ್ತೆಗೆ ಬಿಟ್ಟಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಮೈಯೆಲ್ಲ ಫೈಬರ್ ಗ್ಲಾಸ್, ಎಂಜಿನ್ 848 ಸಿಸಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಡಾಲ್ಫಿನ್ ಮೂಲೆಗೆ ಸರಿಯಿತು. ಇವತ್ತು ಆ ಕಾರು ಸಿಗುವುದು ಹಾಗಿರಲಿ, ಅದರ ಹೆಸರು ಹೊತ್ತ ಗೇಣುದ್ದದ ಪಟ್ಟಿ ಸಿಕ್ಕರೂ ಹಳೇ ಕಾರಿನ ಹುಚ್ಚು ಹತ್ತಿದವರು ಕೇಳಿದಷ್ಟು ಎಣಿಸಿ ಒಯ್ಯುತ್ತಾರೆ.

ಹಾಗಾಗಿ ಈ ಸಲ ನಾನು ಹೊರಟದ್ದು ದೇವರಾಯನದುರ್ಗ ಹತ್ತಲಿಕ್ಕಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಗುಜರಿಗಳಲ್ಲಿ, ಗ್ಯಾರೇಜುಗಳಲ್ಲಿ, ಬೋರ್ಡು ಬರೆಯುವವರ ಮಳಿಗೆಗಳಲ್ಲಿ ಹಳೇ ನಂಬರ್ ಪ್ಲೇಟು, ಕಾರಿನ ಮೊನೊಗ್ರಾಂ, ಎನಾಮಲ್ ಬೋರ್ಡು ಏನೇನು ಉಳಿದಿದೆ ನೋಡಬೇಕಿತ್ತು. ಈ ಸೀಮೆಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮುಂಬೈ ಕಡೆಯ ಹಳೇ ನ್ಯಾಷನಲ್ ಹೈವೇ 4, ಶಿವಮೊಗ್ಗ ಕಡೆಯ 206 ಎರಡೂ ಕೂಡುವುದು ತುಮಕೂರಿನಲ್ಲಿ. ಮಂಗಳೂರಿನ ಹಳೇ 48 ಹಾಯುವುದು ಕುಣಿಗಲ್ ಮೇಲೆ. ಲೆಕ್ಕವಿಲ್ಲದಷ್ಟು ಗಾಡಿ ಕೆಟ್ಟು ನಿಂತ, ರಿಪೇರಿಯಾದ, ಕೊನೆಗೆ ಬಿಚ್ಚಿಕೊಂಡ ದಾರಿಗಳಿವು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಗಿಸದೆ ಮುಂದೆ ಹೋಗುವ ಪದ್ಧತಿ ಇಲ್ಲ. ಮುಗಿಸಿಯೇ ಊರೊಳಗೆ ಹೋದೆ.

ತುಮಕೂರಿನ ಗುಜರಿ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ತುಂಬ ನಂಬರ್ ಪ್ಲೇಟುಗಳಿದ್ದವು. ಇಷ್ಟೊಂದು ಒಟ್ಟಿಗೆ ಬಂದದ್ದು ಈಚೆಗೆ. 2019ರ ಏಪ್ರಿಲ್‌ಗೆ ಮುಂಚಿನ ವಾಹನಗಳೆಲ್ಲ ಅತಿ ಸುರಕ್ಷಿತ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ಹಾಕಿಸಿಕೊಳ್ಳಬೇಕೆಂದು 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತಾದರೂ ಹಳೇ ಫಲಕಗಳು ಒಂದೊಂದಾಗಿ ಇಳಿದವು. ಹೊಸದು ಅಲ್ಯೂಮಿನಿಯಂ, ಅಶೋಕ ಚಕ್ರದ ಹೊಲೋಗ್ರಾಂ, ಲೇಸರಿನಲ್ಲಿ ಕೊರೆದ ಗುಪ್ತ ಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿಯದೆ ಬಿಚ್ಚಲಾಗದ ಬೀಗ. ಭದ್ರತೆಗೆ ಒಳ್ಳೆಯದೇ, ತಕರಾರಿಲ್ಲ. ಆದರೆ ಬೀದಿಯ ಗಾಡಿಗಳೆಲ್ಲ ಒಂದೇ ಅಕ್ಷರದವಾದವು.

ಚೀಲದಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ತಗಡಿನದು, ಕಪ್ಪು ಬಣ್ಣ, ಬಿಳಿ ಅಕ್ಷರ. ಅಕ್ಷರಗಳ ಮೇಲೂ ಕೆಳಗೂ ಸೀಸದಕಡ್ಡಿಯಲ್ಲಿ ಎಳೆದ ಗೆರೆ ಇನ್ನೂ ಕಾಣುತ್ತಿತ್ತು. ‘6’ರ ಹೊಟ್ಟೆಯಲ್ಲಿ ಕುಂಚ ನಿಂತು ತಿರುಗಿದ ಜಾಗದಲ್ಲಿ ಬಣ್ಣ ತುಸು ದಪ್ಪ. ತೂತಿನ ಸುತ್ತ ತುಕ್ಕಿನ ಉಂಗುರ. ಅಂಚಿನಲ್ಲಿ ಸಾಸಿವೆಕಾಳಿನಷ್ಟು ಚಿಕ್ಕದಾಗಿ ಬರೆದವನ ರುಜು. ಖಾಸಗಿ ವಾಹನಕ್ಕೆ ಕಪ್ಪು ಹಲಗೆ, ಬಿಳಿ ಅಕ್ಷರ ಎಂಬ ನಿಯಮ 2001ರ ಸುಮಾರಿಗೆ ತಿರುವುಮುರುವಾಗಿ, ಬಿಳಿಯ ಮೇಲೆ ಕಪ್ಪು ಬಂತು. ಬಾಡಿಗೆ ಗಾಡಿಗೆ ಹಳದಿ ಬಂತು. ಹಾಗಾಗಿ ನಿಜವಾದ ಕಪ್ಪು ಪ್ಲೇಟು ಎಂದರೆ ಕಾಲು ಶತಮಾನದ ಹಿಂದಿನದು ಎಂದು ನೋಡಿದ ಕೂಡಲೇ ಹೇಳಬಹುದು.

ಕಾಲ ಗುರುತಿಸಲು ಅಕ್ಷರಗಳೂ ಸಾಕು. ಕೆಎ 06 ತುಮಕೂರಿನದು, 44 ತಿಪಟೂರಿನದು, 64 ಮಧುಗಿರಿಯದು. ಇದು ಮಕ್ಕಳಿಗೂ ಗೊತ್ತು. ಆದರೆ ಈ ಕೆಎ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈನಲ್ಲಿ ಜಾರಿಯಾದ ಮೇಲೆ. ಅದಕ್ಕೆ ಮುಂಚೆ ಸಿಎ ಮುಂತಾದ ಅಕ್ಷರಗಳಿದ್ದವು, ಇನ್ನೂ ಹಿಂದೆ ಮೈಸೂರು ರಾಜ್ಯದ ಎಂವೈ, ಎಂಇ. ಎಂವೈ ಎಂದು ಶುರುವಾಗುವ ಹಲಗೆ ಹೊತ್ತ ಕಾರು ರಸ್ತೆಯಲ್ಲಿ ಕಂಡರೆ ಈಗಲೂ ಜನ ತಿರುಗಿ ನೋಡುತ್ತಾರೆ.

ಗುಜರಿಯವನಿಗೆ ಇದೆಲ್ಲ ತೂಕದ ಮಾಲು. ತಗಡಿಗೊಂದು ದರ, ಅಲ್ಯೂಮಿನಿಯಂಗೊಂದು ದರ. ‘ಇದನ್ನ ತಗೊಂಡು ಏನ್ ಮಾಡ್ತೀರಾ ಸಾರ್?’ ಅಂದ. ಗೋಡೆಗೆ ಹಾಕುವವರಿದ್ದಾರೆ ಎಂದೆ. ನನ್ನ ಬಗ್ಗೆ ಅವನಿಗಿದ್ದ ಅಭಿಪ್ರಾಯ ಅಲ್ಲಿಗೆ ಖಚಿತವಾಯಿತು.

ಇದೊಂದು ಹುಚ್ಚು ಎಂಬ ಅವನ ಅನುಮಾನವೂ ಪೂರ್ತಿ ತಪ್ಪಲ್ಲ. 2023ರ ಏಪ್ರಿಲ್‌ನಲ್ಲಿ ದುಬೈನ ಹರಾಜಿನಲ್ಲಿ ‘ಪಿ 7’ ಎಂಬ ನಂಬರು 5.5 ಕೋಟಿ ದಿರ್ಹಮ್‌ಗೆ ಹೋಯಿತು, ರೂಪಾಯಿಯಲ್ಲಿ ನೂರಿಪ್ಪತ್ತು ಕೋಟಿಗೂ ಮಿಕ್ಕಿ. ಆದರೆ ಅದು ನಂಬರಿನ ಹಕ್ಕಿನ ಬೆಲೆ, ತಗಡಿನದಲ್ಲ; ನಮ್ಮ ಆರ್‌ಟಿಒ ಫ್ಯಾನ್ಸಿ ನಂಬರ್ ಹರಾಜಿನ ಶ್ರೀಮಂತ ನೆಂಟ. ತಗಡಿಗೇ ಬೆಲೆ ಕಟ್ಟುವವರು ಅಮೆರಿಕದವರು. ಅಲ್ಲಿ ಮೆಸಾಚುಸೆಟ್ಸ್ 1903ರಲ್ಲೇ ಸರ್ಕಾರದಿಂದ ಎನಾಮಲ್ ಪ್ಲೇಟು ಕೊಟ್ಟಿತು. ಸಂಗ್ರಾಹಕರ ಸಂಘ 1954ರಲ್ಲಿ ಹುಟ್ಟಿತು. ಅನೇಕ ರಾಜ್ಯಗಳು ಬಹುಕಾಲ ವರ್ಷಕ್ಕೊಂದು ಬಣ್ಣದ ಪ್ಲೇಟು ಕೊಡುತ್ತಿದ್ದುದರಿಂದ ಹಳೆಯವು ರಾಶಿ ಬಿದ್ದವು, ಕೂಡಿಡುವ ಚಟಕ್ಕೆ ಸರಕು ಸಿಕ್ಕಿತು.

ನಮ್ಮಲ್ಲಿ ಹಾಗಿರಲಿಲ್ಲ. ಸರ್ಕಾರ ಕೊಡುತ್ತಿದ್ದದ್ದು ನಂಬರು ಮಾತ್ರ. ಪ್ಲೇಟು ಬರೆಸಿಕೊಳ್ಳುವುದು ಮಾಲೀಕನ ಪಾಡಾಗಿತ್ತು. ಅವನು ನೆಟ್ಟಗೆ ಊರಿನ ಪೇಂಟರ್ ಹತ್ತಿರ ಹೋಗುತ್ತಿದ್ದ. ಹಾಗಾಗಿ ನಮ್ಮ ಒಂದೊಂದು ಹಳೇ ಪ್ಲೇಟೂ ಒಬ್ಬನ ಕೈಬರಹ, ಇನ್ನೊಂದರ ಪಡಿಯಚ್ಚಲ್ಲ. ಇದನ್ನು ಕಲೆ ಎಂದು ಎಣಿಸಿ ಕೂಡಿಡಬೇಕಿತ್ತು, ತೂಕಕ್ಕೆ ಹಾಕಿದೆವು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವುದು ಕನ್ನಡ ಅಂಕಿಯಲ್ಲಿ ಬರೆದವು. ಕೇಂದ್ರದ ನಿಯಮಕ್ಕೆ ಅವು ಒಪ್ಪುವುದಿಲ್ಲ. ಪೊಲೀಸರು ಹಿಡಿದರೆ ದಂಡ. ಆದರೂ ಬರೆಸುತ್ತಿದ್ದರು. ಚೀಲದಲ್ಲಿ ಅಂಥದ್ದೊಂದು ಸಿಕ್ಕಿತು, ‘೭’ರ ಬಾಲ ಸೊಗಸಾಗಿ ಎಳೆದಿತ್ತು.

ಹಳೇ ವಸ್ತುವಿಗೂ ಬೆಲೆ ಬರುತ್ತದೆಂದು ಊರಿನವರಿಗೆ ಮನಗಾಣಿಸಲು ಒಂದು ಸುಲಭದ ಉದಾಹರಣೆ ಅವರ ಹತ್ತಿರವೇ ಇದೆ. ಎಚ್‌ಎಂಟಿ ವಾಚ್ ಕಾರ್ಖಾನೆ ತುಮಕೂರಿನಲ್ಲೂ ಇತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅದಕ್ಕೂ ಮುಂಚೆ ಮದುವೆ ಉಡುಗೊರೆಯಾಗಿ ಬಂದು ಡ್ರಾಯರಿನಲ್ಲಿ ಕೊಳೆಯುತ್ತಿದ್ದ ಜನತಾ, ಪೈಲಟ್ ವಾಚುಗಳಿಗೆ ಆಮೇಲೆ ಜನ ಹುಡುಕಿಕೊಂಡು ಬಂದರು.

ಗುಬ್ಬಿಗೆ ಇಪ್ಪತ್ತು ಕಿಲೋಮೀಟರು. ಗುಬ್ಬಿ ಅಂದರೆ ವೀರಣ್ಣನವರು, ಅವರ ನಾಟಕ ಕಂಪನಿ. ಈಚೆಗೆ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಎರಡರ ನಡುವಿನ ಕಾಲದ ವಸ್ತು ನನಗೆ ಸಿಕ್ಕಿದ್ದು ಒಂದು ಬಿಡಿಭಾಗದ ಅಂಗಡಿಯ ಮಾಡಿನ ಕೆಳಗೆ: ಮೈಕೋ ಸ್ಪಾರ್ಕ್ ಪ್ಲಗ್ಗಿನ ಬೋರ್ಡು. ಮೈಕೋ 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದು, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಕಂಪನಿ. ಮೈಕೋ ಎಂಬ ಬರಹವಿದ್ದರೆ ವಯಸ್ಸಿನ ಒಂದು ಮಿತಿ ತಾನಾಗಿ ಗೊತ್ತಾಗುತ್ತದೆ. ಬರ್ಮಾ ಶೆಲ್ ಬೋರ್ಡಾದರೆ ಇನ್ನೂ ಹಿಂದಿನದು. ಅದು 1976ರಲ್ಲಿ ಸರ್ಕಾರದ ವಶವಾಗಿ ಮುಂದೆ ಭಾರತ್ ಪೆಟ್ರೋಲಿಯಂ ಆಯಿತು.

ಎನಾಮಲ್ ಬೋರ್ಡಿನ ಮರ್ಮ ಕುಲುಮೆಯಲ್ಲಿದೆ. ಕಬ್ಬಿಣದ ಹಾಳೆಗೆ ಗಾಜಿನ ಪುಡಿ ಲೇಪಿಸಿ ಸುಮಾರು 800 ಡಿಗ್ರಿಯಲ್ಲಿ ಕಾಯಿಸಿದರೆ ಗಾಜು ಕರಗಿ ಕಬ್ಬಿಣಕ್ಕೆ ಕೂಡಿಕೊಳ್ಳುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಸಲ ಕುಲುಮೆ. ಆದ್ದರಿಂದ ಕಣ್ಣು ಮುಚ್ಚಿ ಬೆರಳಾಡಿಸಿದರೆ ಬಣ್ಣ ಬದಲಾಗುವಲ್ಲಿ ಸಣ್ಣ ಏಣು ಸಿಗುತ್ತದೆ. ಪೆಟ್ಟು ಬಿದ್ದಲ್ಲಿ ಬಣ್ಣ ಸುಲಿಯುವುದಿಲ್ಲ, ಗಾಜಿನ ಹಾಗೆ ಚಕ್ಕೆ ಏಳುತ್ತದೆ, ಒಳಗೆ ಕರಿ ಕಬ್ಬಿಣ ಕಾಣುತ್ತದೆ. ಈಗ ಮಾರುಕಟ್ಟೆಯಲ್ಲಿರುವ ಕಾಪಿ ಮಾಲಿನಲ್ಲಿ ಹೆಚ್ಚಿನವು ತೆಳು ತಗಡಿನ ಮೇಲೆ ಪ್ರಿಂಟು. ಚಕ್ಕೆಯನ್ನೂ ತುಕ್ಕನ್ನೂ ಸೇರಿಸಿಯೇ ಪ್ರಿಂಟು ಮಾಡಿರುತ್ತಾರೆ. ಗುಬ್ಬಿಯ ಬೋರ್ಡಿಗೆ ಬೆರಳಿಟ್ಟೆ, ಏಣು ಸಿಕ್ಕಿತು. ಅಂಗಡಿಯ ಹಿರಿಯರು ಮಾರಲು ಒಪ್ಪಲಿಲ್ಲ. ‘ಅದು ಬಿದ್ರೆ ಅಂಗಡಿ ಗುರುತೇ ಹೋಗುತ್ತೆ’ ಅಂದರು. ಆ ಬೋರ್ಡಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೂ ಹೊಳೆಯಲಿಲ್ಲ.

ಮತ್ತೆ ತುಮಕೂರಿಗೆ ಬಂದು ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್ ದಾರಿ ಹಿಡಿದೆ. ಕುಣಿಗಲ್ಲಿಗೆ ಕೆರೆಯ ಹಾಡಿನ ಜೊತೆಗೆ ಕುದುರೆಗಳ ಕೀರ್ತಿಯೂ ಇದೆ. ಟಿಪ್ಪುವಿನ ದಂಡಿಗೆ ಕುದುರೆ ಸಾಕಿದ ಫಾರಂ 1992ರಲ್ಲಿ ವಿಜಯ್ ಮಲ್ಯರ ಕಂಪನಿಗೆ ಗುತ್ತಿಗೆ ಹೋಗಿ ರೇಸ್ ಕುದುರೆಗಳಿಗೆ ಹೆಸರಾಯಿತು. ಮಲ್ಯ ಹಳೇ ಕಾರುಗಳನ್ನೂ ಕೂಡಿಹಾಕಿದವರು. ಕುದುರೆಗೆ ವಂಶಾವಳಿ ನೋಡುವವರು ಕಾರಿಗೂ ಅದನ್ನೇ ನೋಡುತ್ತಾರೆ, ಹೆಸರು ಮಾತ್ರ ಆರ್‌ಸಿ ಬುಕ್.

ಈ ಆರ್‌ಸಿಯ ಮಹತ್ವ 2021ರಿಂದ ಇನ್ನೂ ಹೆಚ್ಚಿದೆ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡಿಸದ ಬೈಕು, ಕಾರುಗಳನ್ನು ಕೇಂದ್ರದ ಹೊಸ ನಿಯಮ ‘ವಿಂಟೇಜ್’ ಎಂದು ಗುರುತಿಸಿತು. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ ಶುಲ್ಕ. ರಾಜ್ಯದ ಅಕ್ಷರದ ಪಕ್ಕ ‘ವಿಎ’ ಸೇರಿದ ನಂಬರು. ಆದರೆ ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ಕಾಗದ ಕಳೆದುಕೊಂಡ ಕಾರಿಗೆ ಎಂಥ ಪಾಲಿಶ್ ಹಾಕಿದರೂ ಎಂವೈ ಅಕ್ಷರ ಮರಳುವುದಿಲ್ಲ. ಬಿಡಿ ಪ್ಲೇಟಿಗೆ ಇಲ್ಲದ ಬೆಲೆ ಪ್ಲೇಟು, ಆರ್‌ಸಿ, ಚಾಸಿ ಮೂರೂ ತಾಳೆಯಾದಾಗ ಬರುವುದು ಹೀಗೆ. ಗುಜರಿಯಿಂದ ತಂದ ಪ್ಲೇಟನ್ನು ಬೇರೆ ಗಾಡಿಗೆ ಬಿಗಿದರೆ ಮಾತ್ರ ಅದು ನೇರ ಅಪರಾಧ. ಅದರ ಜಾಗ ಗೋಡೆಯೇ.

ಹೆದ್ದಾರಿ ಬದಿಯ ಗ್ಯಾರೇಜಿನ ಹಿಂದೆ ಹುಣಸೆ ಮರದಡಿ ಒಂದು ಅಂಬಾಸಡರ್ ನಿಂತಿತ್ತು. ಉತ್ತರಪಾರದ ಕಾರ್ಖಾನೆ 2014ರ ಮೇನಲ್ಲಿ ನಿಂತಿತು. ಮೂರು ವರ್ಷದ ನಂತರ ಬರೀ ಆ ಹೆಸರನ್ನೇ ಫ್ರಾನ್ಸಿನ ಪ್ಯೂಜೊ 80 ಕೋಟಿ ಕೊಟ್ಟು ಕೊಂಡಿತು. ಮೆಕ್ಯಾನಿಕ್ ಒಂದು ಡಬ್ಬಿ ತಂದು ಸುರಿದ: ಅಂಬಾಸಡರಿನ ಬಾನೆಟ್ ಲಾಂಛನ, ಪದ್ಮಿನಿಯ ಅಕ್ಷರಗಳು, ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಟ್ಯಾಂಕ್ ಬ್ಯಾಡ್ಜು ಎರಡು. ಬ್ಯಾಡ್ಜುಗಳಲ್ಲಿ ಒಂದು ಹಗುರ, ಕಾಪಿ. ಅದನ್ನು ಅವನೇ ಪಕ್ಕಕ್ಕಿಟ್ಟ. ಇನ್ನೊಂದಕ್ಕೆ ಆರುನೂರು ಅಂದ, ನಾನೂರೈವತ್ತಕ್ಕೆ ಇಳಿದ.

ಅಂಬಾಸಡರಿನ ಕಪ್ಪು ಪ್ಲೇಟನ್ನು ಕೇಳಿದೆ. ಆಗಲ್ಲ ಅಂದ. ಆರ್‌ಸಿ ಮಾಲೀಕರ ಮನೆಯಲ್ಲಿದೆ, ಬೇಕಿದ್ದರೆ ಕಾರಿನ ಜೊತೆಗೇ ತಗೊಳ್ಳಿ, ಟೋಯಿಂಗ್ ಖರ್ಚು ನಿಮ್ಮದು.