ಇಡೋದು ಅಗ್ಗ, ಬಡಿಸೋದು ದುಬಾರಿ

ಊರಿನ ತಾಳಮದ್ದಳೆಯ ವಿಡಿಯೊ ಒಂದನ್ನು ಜಾಹೀರಾತಿನ ಕಾಟವಿಲ್ಲದೆ ನನ್ನದೇ ಜಾಲತಾಣದಲ್ಲಿ ಇಡೋಣ ಅಂತ ಲೆಕ್ಕಕ್ಕೆ ಕೂತೆ. ಅರ್ಧ ಜಿಬಿ ಫೈಲು. ಅಮೆಜಾನ್‌ನ ಎಸ್‌3 ಎಂಬ ಫೈಲು ಗೋದಾಮಿನಲ್ಲಿ, ಅಮೆರಿಕದ ಸರ್ವರಿನ ದರದಲ್ಲಿ, ತಿಂಗಳ ಬಾಡಿಗೆ ಒಂದು ಸೆಂಟು ಚಿಲ್ಲರೆ. ಇಷ್ಟೇನಾ!

ಆದರೆ ಒಂದೇ ತಿಂಗಳಲ್ಲಿ ಸಾವಿರ ಜನ ಪೂರ್ತಿ ನೋಡಿದರೆ ಹೊರಹೋಗುವುದು 500 ಜಿಬಿ. ಮೊದಲ 100 ಉಚಿತ, ಮಿಕ್ಕಿದ್ದಕ್ಕೆ ಜಿಬಿಗೆ 9 ಸೆಂಟು. ಒಟ್ಟು 36 ಡಾಲರ್. ಗೋದಾಮಿನ ಬಾಡಿಗೆಗಿಂತ ಹೊಸ್ತಿಲು ದಾಟಿಸುವ ಸುಂಕ ಮೂರು ಸಾವಿರ ಪಟ್ಟು!

ಕ್ಲೌಡ್‌ಫ್ಲೇರ್‌ನ ಆರ್‌2 ಎಂಬ ಗೋದಾಮಿನಲ್ಲಿ ಈ ಸುಂಕವೇ ಇಲ್ಲ. 10 ಜಿಬಿವರೆಗೆ ಜಾಗವೂ ಪುಕ್ಕಟೆ. ಜೊತೆಗೆ ಎಫ್‌ಎಫ್‌ಎಂಪೆಗ್‌ ತಂತ್ರಾಂಶದಿಂದ ವಿಡಿಯೊವನ್ನು ಆರಾರು ಸೆಕೆಂಡಿನ ತುಂಡು ಮಾಡಿ ಎಚ್‌ಎಲ್‌ಎಸ್ ರೂಪದಲ್ಲಿಟ್ಟರೆ, ನೋಡುಗ ಪೀಠಿಕೆಗೇ ಆಕಳಿಸಿ ಎದ್ದುಹೋದಾಗ (ಹೋಗುತ್ತಾರೆ, ಗೊತ್ತು) ಉಳಿದ ತುಂಡುಗಳು ಹರಿಯುವುದೇ ಇಲ್ಲ.

ಅಂದಹಾಗೆ, ತಾಳಮದ್ದಳೆಗೆ 480ಪಿ ಧಾರಾಳ ಸಾಕು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಚಿತ್ರ ಅಲುಗದಷ್ಟೂ ಫೈಲು ಸಣ್ಣದಾಗುತ್ತದೆ. ಉಳಿದ ಬಿಟ್ಟುಗಳನ್ನೆಲ್ಲ ಚೆಂಡೆಯ ಸದ್ದಿಗೆ ಕೊಟ್ಟೆ.